ಐವತ್ತು ಬಸ್ಕಿಗೆ ಅರ್ಧ ಗಂಟೆ

"ಬುದ್ಧಿ, ನಾಲ್ಕು ಸುತ್ತು ಸಾಕೋ, ಆರು ಮಾಡಲೋ?"

ಗುರುಗಳನ್ನು ಹೀಗೆ ಕೇಳಿದವನು ಮರುಳಸಿದ್ಧ. ಮಠದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಅಲ್ಲಿ ಎಂಟನೆಯ ತರಗತಿಯಿಂದ ಪಿಯುಸಿವರೆಗಿನ ನಲವತ್ತು ಮಕ್ಕಳಿದ್ದರು. ಶಾಲೆಯಿಂದ ಬಂದವರೇ ಮೊಬೈಲು ಹಿಡಿದು ಗೋಡೆಗೆ ಒರಗುತ್ತಿದ್ದರು. ಮೈದಾನದಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಹೇಳಿ ಹೇಳಿ ಬೇಸತ್ತ ಮರುಳಸಿದ್ಧ ಎಲ್ಲರ ಮೊಬೈಲನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದ. ಹುಲ್ಲು ಕೀಳಿಸಿದ. ಆಮೇಲೆ ಒಂದು ನಿಯಮ ಮಾಡಿದ. ಮೈದಾನವನ್ನು ನಾಲ್ಕು ಸುತ್ತು ಓಡಿದವರಿಗೆ ಅರ್ಧ ಗಂಟೆ ಮೊಬೈಲು, ಓಡದವರಿಗೆ ಇಲ್ಲ.

ಗುರುಗಳು ಕೇಳಿದರು, "ಓಡುತ್ತಾರಾ?"

"ಓಡುತ್ತಾರೆ ಬುದ್ಧಿ. ಒಬ್ಬರೂ ತಪ್ಪಿಸುವುದಿಲ್ಲ. ಆರು ಸುತ್ತು ಮಾಡಿದರೆ ಮೈ ಇನ್ನಷ್ಟು ಗಟ್ಟಿಯಾದೀತು ಅಂದುಕೊಂಡೆ. ಬೇರೆ ಹಾಸ್ಟೆಲಿನವರೂ ಬಂದು ನೋಡಿಕೊಂಡು ಹೋದರು."

"ನಿನಗೆ ಖುಷಿಯಾಗಿದೆ."

"ಆಗಿದೆ ಬುದ್ಧಿ."

"ಆಗಲಿ ಬಿಡು. ಕೂತುಕೋ. ನಿನ್ನಷ್ಟೇ ಖುಷಿಪಟ್ಟ ಒಬ್ಬನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದು ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ಹೆತ್ತವರು ಇಟ್ಟ ಹೆಸರೊಂದು ಅವನಿಗೆ ಇದ್ದೇ ಇತ್ತು. ಆದರೆ ರೇಷನ್ ಅಂಗಡಿಯವನನ್ನು ಬಿಟ್ಟರೆ ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವನು ಪೈಲ್ವಾನ. ಹಾಗೆಂದು ಅವನು ದೊಡ್ಡ ಹೆಸರು ಮಾಡಿದ ಪೈಲ್ವಾನನೇನಲ್ಲ. ಗೆದ್ದ ಕುಸ್ತಿಗಿಂತ ಸೋತ ಕುಸ್ತಿಯೇ ಹೆಚ್ಚು. ಮಧ್ಯಾಹ್ನ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ನಿಂತು ಮಂಡಕ್ಕಿ ಹುರಿಯುವುದು ಅವನ ಕೆಲಸ. ಬೆಳಿಗ್ಗೆ ಗರಡಿ. ಮಟ್ಟಿಗೆ, ಎಂದರೆ ಗರಡಿಯ ಕುಸ್ತಿ ಕಣಕ್ಕೆ ಇಳಿದು, ಕೆಂಪು ಮಣ್ಣು ಅಗೆದು, ಹಣೆಗೆ ಹಚ್ಚಿಕೊಂಡು, ಇನ್ನೂರು ಬಸ್ಕಿ ನೂರು ದಂಡ ಹೊಡೆಯುವ ತನಕ ಅವನ ಗಂಟಲಲ್ಲಿ ನೀರಿಳಿಯುತ್ತಿರಲಿಲ್ಲ. ನಲವತ್ತರ ಹತ್ತಿರಕ್ಕೆ ಬಂದಾಗ ಕುಸ್ತಿ ನಿಂತಿತು, ಬಸ್ಕಿ ನಿಲ್ಲಲಿಲ್ಲ. ಇನ್ನು ಯಾಕೆ ಹೊಡೆಯುತ್ತೀ ಮಾರಾಯ ಎಂದು ಯಾರಾದರೂ ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದ. ಊಟ ಯಾಕೆ ಮಾಡುತ್ತೀ ಎಂದು ಕೇಳಿದಂತಾಗುತ್ತಿತ್ತು ಅವನಿಗೆ.

ಅವನಿಗೆ ಒಬ್ಬಳೇ ಮಗಳು. ಸಿಂಚನ ಎಂದು ಹೆಸರು. ಈಗಿನ ಕಾಲದ ಹೆಸರು, ಅವನ ಹೆಂಡತಿ ಹುಡುಕಿದ್ದು. ಐದು ವರ್ಷದವಳಿದ್ದಾಗ ಆ ಹುಡುಗಿ ದಿನವೂ ಅಪ್ಪನ ಕಾಲು ಹಿಡಿದುಕೊಂಡು ತಾನೂ ಗರಡಿಗೆ ಬರುತ್ತೇನೆಂದು ಅಳುತ್ತಿದ್ದಳು. ಗರಡಿಯ ಹಿರಿಯರು ಹೆಣ್ಣು ಮಗುವನ್ನು ಒಳಗೆ ಬಿಡಲು ಒಪ್ಪಲಿಲ್ಲ. ಪೈಲ್ವಾನ ಜಗಳವಾಡಲಿಲ್ಲ, ಜಗಳ ಅವನ ಜಾಯಮಾನವಲ್ಲ. ಅವತ್ತಿನಿಂದ ಗರಡಿಯಿಂದ ಬರುವಾಗ ದಿನಕ್ಕೊಂದು ಬುಟ್ಟಿ ಮಣ್ಣು ಹೊತ್ತು ತಂದ. ಒಂದು ವರ್ಷ ಹೊತ್ತ. ಹಿತ್ತಲಲ್ಲಿ ಎರಡು ಮಂಚದಗಲದ ಒಂದು ಪುಟ್ಟ ಮಟ್ಟಿ ಆಯಿತು. ಬಟ್ಟೆ ಒಗೆಯುವ ಕಲ್ಲಿಗೂ ಜಾಗ ಉಳಿಸಲಿಲ್ಲ ಎಂದು ಹೆಂಡತಿ ಗೊಣಗಿದಳು. ಪೈಲ್ವಾನ ಗರಡಿಗೆ ಹೋಗುವುದನ್ನೇ ಬಿಟ್ಟು ಮಗಳ ಜೊತೆ ಹಿತ್ತಲಲ್ಲೇ ಸಾಮು ಮಾಡತೊಡಗಿದ.

ಮೊದಮೊದಲು ಅವಳದು ಎಣಿಸುವ ಕೆಲಸ. ಅಪ್ಪ ಬಸ್ಕಿ ಹೊಡೆಯುತ್ತಿದ್ದರೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಣಿಸುತ್ತಿದ್ದಳು. ತೊಂಬತ್ತೆಂಟು, ತೊಂಬತ್ತೊಂಬತ್ತು, ಎಪ್ಪತ್ತು ಎನ್ನುತ್ತಿದ್ದಳು. ಬೇಕೆಂದೇ ತಪ್ಪಿಸುತ್ತಿದ್ದಳು, ಕಳ್ಳಿ. ಅಪ್ಪನೂ ಗೊತ್ತಾಗದವನ ಹಾಗೆ ಎಪ್ಪತ್ತರಿಂದ ಮತ್ತೆ ಹೊಡೆಯುತ್ತಿದ್ದ. ಆಮೇಲೆ ಅವನ ಹೆಗಲ ಮೇಲೆ ಕೂತಳು, ಆಮೇಲೆ ಅವನ ಪಕ್ಕ ನಿಂತು ತಾನೂ ಹೊಡೆದಳು. ಹತ್ತು ವರ್ಷಕ್ಕೆ ನೂರು ಬಸ್ಕಿ ಒಂದೇ ಉಸಿರಿಗೆ. ಮುಗಿದ ಮೇಲೆ ಅಪ್ಪ ಮಗಳು ಮಟ್ಟಿಯ ಅಂಚಿನಲ್ಲಿ ಕೂತು ಮಂಡಕ್ಕಿ ಮುಕ್ಕುತ್ತಿದ್ದರು. ಅದು ಸಾಮಿಗೆ ಸಿಕ್ಕ ಬಹುಮಾನ ಎಂದುಕೊಳ್ಳಬೇಡ ಮರುಳಸಿದ್ಧ, ಭಟ್ಟಿಯವನ ಮನೆಯಲ್ಲಿ ಮಂಡಕ್ಕಿಗೇನು ಬರ? ಬಾ ಎಂದು ಅವಳನ್ನು ಯಾರೂ ಎಬ್ಬಿಸಿದವರಿಲ್ಲ. ಅವಳೇ ಎದ್ದು ಅಪ್ಪನನ್ನು ಎಬ್ಬಿಸುತ್ತಿದ್ದಳು.

ಅವಳು ಏಳನೆಯ ತರಗತಿಗೆ ಬಂದಾಗ ಆ ರೋಗದ ಕಾಲ ಬಂತು. ಶಾಲೆ ಮುಚ್ಚಿತು, ಪಾಠ ಮೊಬೈಲಿಗೆ ಬಂತು. ಪೈಲ್ವಾನ ಮನೆಗೊಂದು ಮೊಬೈಲು ತಂದ. ರೋಗ ಹೋಯಿತು, ಶಾಲೆ ತೆರೆಯಿತು, ಮೊಬೈಲು ಮಾತ್ರ ಹುಡುಗಿಯ ಕೈಯಲ್ಲೇ ಉಳಿಯಿತು. ಅವಳು ಏಳುವುದು ತಡವಾಯಿತು. ಎದ್ದರೂ ಹಿತ್ತಲಿಗೆ ಬರಲಿಲ್ಲ, ಮೂಲೆ ಹಿಡಿದು ಕೂತಳು. ಅಪ್ಪ ಒಬ್ಬನೇ ಬಸ್ಕಿ ಹೊಡೆದ, ಒಬ್ಬನೇ ಎಣಿಸಿಕೊಂಡ. ಒಂದು ದಿನ ಬೀದಿಯ ನಲ್ಲಿಯಿಂದ ಒಂದು ಕೊಡ ನೀರು ತಂದವಳು ಮೆಟ್ಟಿಲ ಮೇಲೆ ಕೂತು ಏದುಸಿರು ಬಿಟ್ಟಳು. ನೂರು ಬಸ್ಕಿ ಹೊಡೆಯುತ್ತಿದ್ದ ಮಗು.

ಪೈಲ್ವಾನ ಬುದ್ಧಿಮಾತು ಹೇಳಿದ, ಮಗಳು ಕೇಳಲಿಲ್ಲ. ಮೊಬೈಲನ್ನು ಅಕ್ಕಿ ಡಬ್ಬಿಯೊಳಗೆ ಬಚ್ಚಿಟ್ಟ, ಹುಡುಕಿ ತೆಗೆದಳು. ಕಿತ್ತುಕೊಂಡ, ಎರಡು ದಿನ ಅನ್ನ ಮುಟ್ಟಲಿಲ್ಲ. ಒಂದು ಸಲ ಸಿಟ್ಟು ನೆತ್ತಿಗೇರಿ ಕೈ ಎತ್ತಿದ. ಎತ್ತಿದ ಕೈಯ ಗಾತ್ರ ನೋಡಿ ಅವನಿಗೇ ಹೆದರಿಕೆಯಾಯಿತು. ಕೈ ಇಳಿಸಿ ಹಿತ್ತಲಿಗೆ ಹೋಗಿ ಮಟ್ಟಿಯ ಅಂಚಿನಲ್ಲಿ ಕೂತ.

ಅಲ್ಲಿ ಕೂತಿದ್ದಾಗ ಅವನಿಗೆ ತನ್ನ ಶಾಲೆ ನೆನಪಾಯಿತು. ಮನೆಪಾಠ ಬರೆಯದಿದ್ದವರಿಗೆ ಮೇಷ್ಟರು ಕಿವಿ ಹಿಡಿಸಿ ಬಸ್ಕಿ ಹೊಡೆಸುತ್ತಿದ್ದರು. ಉಳಿದ ಹುಡುಗರು ಮುಖ ಸಣ್ಣ ಮಾಡಿಕೊಂಡು ಹೊಡೆಯುತ್ತಿದ್ದರೆ ಇವನೊಬ್ಬ ಹಲ್ಲು ಬಿಟ್ಟುಕೊಂಡು ಹೊಡೆಯುತ್ತಿದ್ದ. ಅಷ್ಟೇ ಅವನಿಗೆ ನೆನಪಾದದ್ದು. ಉಳಿದ ಹುಡುಗರ ಮುಖ ನೆನಪಾಗಲಿಲ್ಲ. ಎದ್ದು ಒಳಗೆ ಬಂದು ಮಗಳಿಗೆ ಹೇಳಿದ, "ಐವತ್ತು ಬಸ್ಕಿ ಹೊಡಿ, ಅರ್ಧ ಗಂಟೆ ಮೊಬೈಲು ತಗೊ. ಇನ್ನೊಂದು ಐವತ್ತು ಹೊಡಿ, ಇನ್ನೊಂದು ಅರ್ಧ ಗಂಟೆ. ನಾನು ಒಂದು ಮಾತೂ ಆಡಲ್ಲ."

ಹೆಂಡತಿ ಅಡುಗೆಮನೆಯಿಂದ ಕೇಳಿಸಿಕೊಂಡಳು. "ಮೊಬೈಲಿಗೆ ಬೇಕಾದರೆ ಒಂದು ಹೊತ್ತು ಗೊತ್ತು ಮಾಡ್ರಿ. ಬಸ್ಕಿನ ಯಾಕೆ ಅದಕ್ಕೆ ಗಂಟು ಹಾಕ್ತೀರಿ?" ಎಂದಳು. ನಿನಗೆ ಇದೆಲ್ಲ ತಿಳಿಯಲ್ಲ ಸುಮ್ಮನಿರು ಎಂದ ಪೈಲ್ವಾನ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು, ಅವಳು ಅತ್ತ ತಿರುಗಿದಳು.

ಮಗಳು ಅಪ್ಪನ ಮುಖವನ್ನೊಮ್ಮೆ ನೋಡಿದಳು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಎದ್ದು ಹಿತ್ತಲಿಗೆ ಹೋಗಿ ಐವತ್ತು ಹೊಡೆದಳು. ಅಪ್ಪ ಅವಳಿಂದ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮೊಬೈಲು ತೆಗೆದು ಕೊಟ್ಟ. ಅರ್ಧ ಗಂಟೆಯಾಗುತ್ತಲೇ ಅವಳೇ ತಂದು ವಾಪಸು ಕೊಟ್ಟು ಮತ್ತೆ ಐವತ್ತು ಹೊಡೆದಳು. ಜಗಳವಿಲ್ಲ, ಅಳುವಿಲ್ಲ, ಊಟ ಬಿಡುವುದಿಲ್ಲ. ಅವತ್ತು ಭಟ್ಟಿಯಲ್ಲಿ ಪೈಲ್ವಾನ ಎಷ್ಟು ಮಾತಾಡಿದನೆಂದರೆ ಎರಡು ಬಾಣಲೆ ಮಂಡಕ್ಕಿ ಸೀದು ಹೋಯಿತು. ಕೇಳಿಸಿಕೊಂಡವರಲ್ಲಿ ಮೂರು ಮಂದಿ ತಮ್ಮ ಮನೆಯಲ್ಲೂ ಅದನ್ನೇ ಜಾರಿಗೆ ತಂದರು. ಒಳ್ಳೆ ತಲೆ ಓಡಿಸಿದೆಯಪ್ಪ ಪೈಲ್ವಾನ ಎಂದು ಭಟ್ಟಿಯ ಯಜಮಾನನೂ ಬೆನ್ನು ತಟ್ಟಿದ.

ಹುಡುಗಿ ಬುದ್ಧಿವಂತೆ. ಒಂದು ವಾರ ಕಳೆದ ಮೇಲೆ ಕೇಳಿದಳು, "ಸೂರ್ಯನಮಸ್ಕಾರಕ್ಕೆ ಎಷ್ಟಪ್ಪ?" ಹನ್ನೆರಡಕ್ಕೆ ಅರ್ಧ ಗಂಟೆ ಎಂದ. "ಮಟ್ಟಿ ಅಗೆದರೆ?" ಒಂದು ಗಂಟೆ ಎಂದ. ನೀರು ತಂದರೆ ಎಷ್ಟು, ಅಜ್ಜಿಯ ಮನೆಯವರೆಗೆ ನಡೆದು ಹೋದರೆ ಎಷ್ಟು, ಎಲ್ಲದಕ್ಕೂ ಒಂದೊಂದು ಹೊತ್ತು ಗೊತ್ತಾಯಿತು. ಅವಳ ಚೌಕಾಶಿ ನೋಡಿ ಅಪ್ಪನಿಗೆ ನಗು. ವಕೀಲಳಾಗುತ್ತಾಳೆ ನನ್ನ ಮಗಳು ಎನ್ನುತ್ತಿದ್ದ. ಹೀಗೆ ದಿನಗಳು ಹೋದವು. ಹುಡುಗಿಯ ಕಾಲು ಗಟ್ಟಿಯಾಯಿತು, ಮುಖಕ್ಕೆ ಕಳೆ ಬಂತು. ನೋಡಿದವರೆಲ್ಲ ಹೊಗಳಿದರು. ಈಗ ಎಣಿಸುವವನು ಅಪ್ಪ. ಐವತ್ತಾಗುತ್ತಲೇ ಅವಳು ಅಲ್ಲೇ ನಿಂತು ಕೈ ಚಾಚುತ್ತಿದ್ದಳು. ಎಣಿಕೆ ಒಂದು ದಿನವೂ ತಪ್ಪಲಿಲ್ಲ.

ಶಾಲೆಯ ಆಟದ ಮೇಷ್ಟರು ಅವಳ ಕಾಲು ನೋಡಿ ಖೋ ಖೋ ತಂಡಕ್ಕೆ ಸೇರಿಸಿಕೊಂಡರು. ಒಂದು ಪಂದ್ಯಕ್ಕೆ ಎರಡು ಗಂಟೆ ಎಂದು ಅಪ್ಪನ ಹತ್ತಿರ ಒಪ್ಪಂದ ಮಾಡಿಕೊಂಡೇ ಅವಳು ಸೇರಿದಳು. ಪಂದ್ಯದ ದಿನ ಪೈಲ್ವಾನ ಹೊಸ ಅಂಗಿ ಹಾಕಿಕೊಂಡು ಹೋಗಿ ಬೇಲಿಯ ಪಕ್ಕ ನಿಂತ. ಹುಡುಗಿ ಚಿರತೆಯ ಹಾಗೆ ಓಡಿದಳು. ಎದುರು ತಂಡದ ಕೊನೆಯ ಹುಡುಗಿಯನ್ನು ಮುಟ್ಟಿ ತಂಡವನ್ನು ಗೆಲ್ಲಿಸಿದವಳೂ ಅವಳೇ. ತಂಡದ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಮಣ್ಣಿನಲ್ಲಿ ಉರುಳಾಡಿದರು, ಕೂಗಿದರು, ಇವಳ ಹೆಸರು ಹಿಡಿದು ಕರೆದರು. ಇವಳು ಅತ್ತ ತಿರುಗಲಿಲ್ಲ. ನೆಟ್ಟಗೆ ಬೇಲಿಯ ಹತ್ತಿರ ಬಂದು ಅಪ್ಪನ ಮುಂದೆ ಕೈ ಚಾಚಿದಳು. ಅಪ್ಪ ಹೆಮ್ಮೆಯಿಂದಲೇ ಮೊಬೈಲು ಕೊಟ್ಟ. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಅವನಿಗೆ ಏನೋ ಕಸಿವಿಸಿ. ಏನೆಂದು ತಿಳಿಯಲಿಲ್ಲ, ಬಿಸಿಲಿನಲ್ಲಿ ನಿಂತದ್ದಕ್ಕೆ ಇರಬೇಕು ಎಂದುಕೊಂಡ.

ಆ ವರ್ಷದ ಯುಗಾದಿ ಬಂತು. ಗರಡಿಗಳಲ್ಲಿ ಒಂದೊಂದು ಕಟ್ಟಳೆ ಇರುತ್ತದೆ. ಪೈಲ್ವಾನ ಬೆಳೆದ ಗರಡಿಯಲ್ಲಿ ಹಬ್ಬದ ದಿನ ಸಾಮು ಹೆಚ್ಚು, ಕಡಿಮೆಯಲ್ಲ. ಅಲ್ಲಿ ಸಾಮು ಇಲ್ಲದಿದ್ದದ್ದು ತಪ್ಪು ಮಾಡಿದವನಿಗೆ ಮಾತ್ರ. ಅವನು ಬಾಗಿಲ ಹೊರಗೆ ನಿಂತು ಉಳಿದವರು ಮಾಡುವುದನ್ನು ನೋಡಬೇಕಿತ್ತು. ಹದಿನಾರರ ಹರೆಯದಲ್ಲಿ ಪೈಲ್ವಾನನೂ ಯಾವುದೋ ತಪ್ಪಿಗೆ ಎಂಟು ದಿನ ಹಾಗೆ ಹೊರಗೆ ನಿಂತಿದ್ದ. ನಿಂತು ಅತ್ತಿದ್ದ. ಅಂಥವನು ಆ ಯುಗಾದಿಯ ಬೆಳಿಗ್ಗೆ ಮಗಳನ್ನು ಕರೆದು, "ಇವತ್ತು ಹಬ್ಬ, ನಿನಗೆ ಬಸ್ಕಿ ಇಲ್ಲ. ಮೊಬೈಲು ಇಡೀ ದಿನ ನಿನ್ನದೇ" ಎಂದ. ಹುಡುಗಿ ಖುಷಿಯಿಂದ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಹೋಳಿಗೆಯನ್ನೂ ಮೂಲೆಯಲ್ಲೇ ತಿಂದಳು.

ಪೈಲ್ವಾನ ಎಣ್ಣೆ ಹಚ್ಚಿಕೊಂಡು ಹಿತ್ತಲಿಗೆ ಹೊರಟ. ಹೆಂಡತಿ ಕೇಳಿದಳು, "ಮಗಳಿಗೇನೋ ರಜಾ ಕೊಟ್ರಿ. ನಿಮಗೆ ಯಾರು ಕೊಡ್ತಾರೆ?"

"ನನಗ್ಯಾಕೆ ರಜಾ?" ಎಂದು ನಕ್ಕ. ತಾನೇನು ಹೇಳಿದೆನೆಂದು ತನಗೇ ಕೇಳಿಸಲಿಲ್ಲ ಅವನಿಗೆ. ಮುನ್ನೂರು ಬಸ್ಕಿ ಹೊಡೆದು ಸ್ನಾನಕ್ಕೆ ಹೋದ.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಹಿತ್ತಲ ಮಣ್ಣು ಮೆತ್ತಗೆ ಘಮಘಮ ಎನ್ನುತ್ತಿತ್ತು. ಅಂಥ ದಿನ ಅಪ್ಪ ಮಗಳು ಕೆಸರಿನಲ್ಲಿ ಬಿದ್ದು ಎದ್ದು ಕುಸ್ತಿಯಾಡುತ್ತಿದ್ದುದುಂಟು. ಪೈಲ್ವಾನನಿಗೆ ಆಸೆಯಾಯಿತು. "ಬಾರವ್ವ, ಒಂದು ಪಟ್ಟು ಹಾಕೋಣ" ಎಂದು ಕೂಗಿದ. ಅವಳು ಬಾಗಿಲಿಗೆ ಬಂದಳು. "ಎಷ್ಟು ಹೊತ್ತು ಕೊಡ್ತೀಯ?" ಎಂದಳು. ಹೊತ್ತಿನ ಮಾತು ಬೇಡ, ಸುಮ್ಮನೆ ಬಾ ಎಂದ.

"ಸುಮ್ಮನೆ ಯಾಕಪ್ಪ?"

ಅವಳದು ಕೊಂಕಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ಅವಳು ಒಂದು ಗಳಿಗೆ ಕಾದು ಒಳಗೆ ಹೋದಳು. ಅವನು ಕಾಲು ತೊಳೆದುಕೊಂಡು ಭಟ್ಟಿಗೆ ಹೋದ, ಅವತ್ತು ಒಂದು ಬಾಣಲೆಯೂ ಸೀಯಲಿಲ್ಲ.

ಹಾಗಾದರೆ ಅವನು ಅಲ್ಲೇ ನಿಲ್ಲಿಸಬಹುದಿತ್ತಲ್ಲ ಎನ್ನುತ್ತೀಯಾ? ನಿಲ್ಲಿಸಬೇಕೆಂದು ಅವನಿಗೂ ಅನ್ನಿಸಿತು. ಆದರೆ ನಿಲ್ಲಿಸಿದರೆ ಅವಳು ಒಂದು ಬಸ್ಕಿಯನ್ನೂ ಹೊಡೆಯುವುದಿಲ್ಲವೆಂಬ ಭಯ. ಇದ್ದದ್ದೂ ಹೋದರೆ? ಬೆಳೆಯುವ ಮೈ. ಇನ್ನೊಂದು ವರ್ಷ ನಡೆಯಲಿ, ಅಷ್ಟರಲ್ಲಿ ರೂಢಿಯಾಗುತ್ತದೆ, ಆಮೇಲೆ ಅವಳೇ ಮಾಡುತ್ತಾಳೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ನಾಲ್ಕು ವರ್ಷ ನಡೆಯಿತು.

ಅವಳು ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದಾಗ ಸೋದರಮಾವ ಅವಳಿಗೆಂದೇ ಒಂದು ಮೊಬೈಲು ತಂದುಕೊಟ್ಟ. ಮರುದಿನ ಬೆಳಿಗ್ಗೆ ಪೈಲ್ವಾನ ಹಿತ್ತಲಲ್ಲಿ ಕಾದ. ಬಿಸಿಲೇರಿತು. ಒಳಗೆ ಬಂದು, "ಬರೋದಿಲ್ವೇನವ್ವ?" ಎಂದು ಕೇಳಿದ.

"ಈಗ ನನ್ನ ಹತ್ರನೇ ಇದೆಯಲ್ಲಪ್ಪ" ಎಂದಳು. ಸಿಟ್ಟಿಲ್ಲ, ಸೆಡವಿಲ್ಲ. ಕಾಫಿ ಕುಡಿದೆಯಾ ಎಂದೂ ಕೇಳಿದಳು. ಆ ದಿನದಿಂದ ಅವಳು ಒಂದೇ ಒಂದು ಬಸ್ಕಿ ಹೊಡೆಯಲಿಲ್ಲ. ಹಿತ್ತಲ ಮಣ್ಣು ಗಟ್ಟಿಯಾಯಿತು. ಅವನೊಬ್ಬನಿಗೆ ಅಷ್ಟು ಜಾಗ ಬೇಕಿರಲಿಲ್ಲ. ಹೆಂಡತಿ ಒಗೆಯುವ ಕಲ್ಲನ್ನು ತಂದು ಮಟ್ಟಿಯ ಒಂದು ಮೂಲೆಗೆ ಹಾಕಿಸಿಕೊಂಡಳು. ಪೈಲ್ವಾನ ಬೇಡವೆನ್ನಲಿಲ್ಲ.

ಮರುವರ್ಷ ಭಟ್ಟಿಯ ಮುಂದೆ ನಿಂತಿದ್ದವನು ಹಾಗೆಯೇ ಕುಸಿದು ಬಿದ್ದ. ಲಕ್ವ. ಬಲಗೈ, ಬಲಗಾಲು, ಅರ್ಧ ಮುಖ, ಅರ್ಧ ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ತಾಯಿ ಮಗಳನ್ನು ಕೂರಿಸಿಕೊಂಡು ಹೇಳಿದರು. ಮೊದಲ ಆರು ತಿಂಗಳೇ ಮುಖ್ಯ. ಇವರನ್ನು ದಿನವೂ ಹಿಡಿದುಕೊಂಡು ಕೂರಿಸಿ ಏಳಿಸಬೇಕು, ಕೂರಿಸಿ ಏಳಿಸಬೇಕು. ಮಾಡಿದರೆ ಮತ್ತೆ ನಡೆದಾರು. ಬಿಟ್ಟರೆ ಕಾಲು ಹೀಗೆಯೇ ಉಳಿದುಬಿಡುತ್ತದೆ.

"ದಿನಕ್ಕೆ ಎಷ್ಟು ಸಲ ಸಾರ್?" ಎಂದಳು ಮಗಳು.

"ಸದ್ಯಕ್ಕೆ ಇಪ್ಪತ್ತು ಸಲ ಮಾಡಿಸಮ್ಮ. ಅವರಿಗೆ ಆದ ಹಾಗೆಲ್ಲ ಹೆಚ್ಚು ಮಾಡ್ತಾ ಹೋಗು."

ಅವಳು ಇಪ್ಪತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಗಂಡನ ಕೆಲಸಕ್ಕೆ ಹೆಂಡತಿ ಹೋಗತೊಡಗಿದಳು. ಅವಳಿಗೆ ಅವನನ್ನು ಎತ್ತುವ ಶಕ್ತಿಯೂ ಇರಲಿಲ್ಲ. ಮಗಳಿಗಿತ್ತು. ಕಾಲೇಜಿಗೆ ಹೊರಡುವ ಮುಂಚೆ ಅಪ್ಪನನ್ನು ಹಿತ್ತಲಿಗೆ ಕರೆತಂದು, ಎರಡೂ ಕಂಕುಳಿಗೆ ಕೈಕೊಟ್ಟು, ಕೂರಿಸಿ ಏಳಿಸುತ್ತಿದ್ದಳು. ಅವಳ ಕೈ ಮೆತ್ತಗಿತ್ತು. ಅವನಿಗೆ ನೋವಾಗುವಂತೆ ಒಂದು ದಿನವೂ ಎಳೆಯಲಿಲ್ಲ. ಒಂದು, ಎರಡು ಎಂದು ಎಣಿಸುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಮಗಳು ತನ್ನ ಬಸ್ಕಿ ಎಣಿಸುತ್ತಿದ್ದಾಳೆಂದು ಪೈಲ್ವಾನನಿಗೆ ಒಳಗೊಳಗೇ ಸಂತೋಷ. ಯಾವತ್ತಾದರೂ ಒಂದು ದಿನ ಬೇಕೆಂದೇ ಎಣಿಕೆ ತಪ್ಪಿಸಿಯಾಳು ಎಂದು ಕಾಯುತ್ತಿದ್ದ. ಇಪ್ಪತ್ತಾಗುತ್ತಲೇ, "ಆಯ್ತಪ್ಪ" ಎಂದು ಕುರ್ಚಿಯಲ್ಲಿ ಕೂರಿಸಿ ಮೊಬೈಲು ತೆಗೆದುಕೊಳ್ಳುತ್ತಿದ್ದಳು.

ಎರಡು ತಿಂಗಳಾಯಿತು. ಒಂದು ಬೆಳಿಗ್ಗೆ ಹದಿನೆಂಟನೆಯ ಸಲ ಏಳುವಾಗ ಅವನ ಬಲಗಾಲಿನ ಬೆರಳುಗಳು ಮಣ್ಣನ್ನು ಹಿಡಿದುಕೊಂಡವು. ಹತ್ತೊಂಬತ್ತನೆಯದಕ್ಕೆ ಮೊಣಕಾಲು ಸ್ವಲ್ಪ ಭಾರ ತಾಳಿತು. ಇಪ್ಪತ್ತನೆಯದಕ್ಕೆ ಇನ್ನೂ ಸ್ವಲ್ಪ. ಪೈಲ್ವಾನ ಸುಮ್ಮನೆ ಪೈಲ್ವಾನನಾಗಿರಲಿಲ್ಲ. ಮೂವತ್ತು ವರ್ಷ ಗರಡಿಯ ಮಣ್ಣು ತುಳಿದವನು. ಎಣಿಕೆ ಮುಗಿಯಿತು ಎಂದ ಮೇಲೆ ಹೊಡೆಯುವ ಆ ಒಂದರಲ್ಲಿ ಮೈಗೆ ಕಸುವು ಬರುತ್ತದೆಂದು ಅವನಿಗೆ ಗೊತ್ತಿತ್ತು. ಇನ್ನೊಂದು ಸಲ ಕೂತೆದ್ದರೆ ಈ ಕಾಲು ನಿಲ್ಲುತ್ತದೆ ಎಂದು ಅವನ ಮೈಯೇ ಹೇಳುತ್ತಿತ್ತು.

"ಇ... ನ್ನೊಂದು" ಎಂದ.

ಅವಳ ಕೈ ಆಗಲೇ ಕಿಟಕಿಯ ಮೇಲಿದ್ದ ಮೊಬೈಲಿನ ಕಡೆಗೆ ಹೋಗಿತ್ತು. ತಿರುಗಿ ನೋಡಿ ಮುಖ ತುಂಬ ನಕ್ಕಳು. ಆ ಮನೆಯಲ್ಲಿ ಎರಡು ತಿಂಗಳಿಂದ ಯಾರೂ ನಕ್ಕಿರಲಿಲ್ಲ.

"ಇನ್ನೊಂದಕ್ಕೆ ಎಷ್ಟು ಹೊತ್ತು ಕೊಡ್ತೀಯಪ್ಪ?"

ಪ್ರೀತಿಯಿಂದಲೇ ಕೇಳಿದಳು ಮರುಳಸಿದ್ಧ. ಅಪ್ಪನನ್ನು ನಗಿಸಬೇಕೆಂದು ಕೇಳಿದಳು. ಅಪ್ಪ ಮಗಳ ನಡುವೆ ಇದ್ದ ಸಲಿಗೆಯ ಮಾತು ಅದೊಂದೇ. ಬೇರೆ ಯಾವ ಸಲಿಗೆಯೂ ಅವಳ ನೆನಪಿನಲ್ಲಿ ಉಳಿದಿರಲಿಲ್ಲ. ಅವನು ಇದ್ದ ಅರ್ಧ ಮುಖದಲ್ಲಿ ನಗಲು ನೋಡಿದ. ಎಡಗೈ ತಾನಾಗಿ ಸೊಂಟವನ್ನು ತಡಕಿತು, ಅಲ್ಲಿ ಏನೂ ಇರಲಿಲ್ಲ. ಕಣ್ಣಲ್ಲಿ ನೀರಿಳಿಯಿತು. ಈ ಕಣ್ಣಿನಲ್ಲಿ ಆಗಾಗ ನೀರು ಸೋರುತ್ತದೆ, ಗಾಬರಿ ಬೇಡ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳು ದುಪಟ್ಟಾದ ತುದಿಯಿಂದ ಒರೆಸಿ, ಕುರ್ಚಿಯಲ್ಲಿ ಕೂರಿಸಿ, ಕುಡಿಯುವ ನೀರು ಪಕ್ಕದಲ್ಲಿಟ್ಟು ಕಾಲೇಜಿಗೆ ಹೋದಳು.

ಪೈಲ್ವಾನ ಮತ್ತೆ ಯಾವತ್ತೂ ಇನ್ನೊಂದು ಎಂದು ಕೇಳಲಿಲ್ಲ. ಮರುದಿನ ಇಪ್ಪತ್ತು. ಅದರ ಮರುದಿನ ಇಪ್ಪತ್ತು. ಆರು ತಿಂಗಳು ತುಂಬಿತು. ಡಾಕ್ಟರು ಕಾಲು ಮುಟ್ಟಿ ನೋಡಿ ಇಷ್ಟೇ ಎಂದರು. ಈಗ ಗೋಡೆ ಹಿಡಿದುಕೊಂಡರೆ ಬಚ್ಚಲಿನವರೆಗೆ ಹೋಗುತ್ತಾನೆ. ಹಿತ್ತಲಿಗೆ ಹೋಗಬೇಕಾದರೆ ಎರಡು ಮೆಟ್ಟಿಲು ಇಳಿಯಬೇಕು, ಅದು ಅವನಿಂದಾಗದು.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧನಿಗೆ ತಡೆಯಲಾಗಲಿಲ್ಲ. "ಎಂಥ ಮಗಳು ಬುದ್ಧಿ ಅವಳು. ಹೆತ್ತಪ್ಪ ಬಾಯಿಬಿಟ್ಟು ಕೇಳಿದರೂ..."

"ಅವಳನ್ನು ಯಾಕಯ್ಯ ಬೈಯುತ್ತೀ?" ಗುರುಗಳ ದನಿ ಗಡುಸಾಯಿತು. "ಒಂದು ದಿನ ತಪ್ಪಿಸಲಿಲ್ಲ. ಮೈ ಸುಡುವ ಜ್ವರವಿದ್ದ ದಿನವೂ ಎದ್ದು ಬಂದು ಇಪ್ಪತ್ತು ಮಾಡಿಸಿ ಮಲಗಿದಳು. ಹೇಳಿದ್ದಕ್ಕಿಂತ ಒಂದೂ ಕಡಿಮೆ ಮಾಡದ ಮಗಳು ಅವಳು."

ಮರುಳಸಿದ್ಧ ತಲೆ ತಗ್ಗಿಸಿದ. ಆಮೇಲೆ ಕೇಳಿದ, "ಮತ್ತೆ ಆ ಪೈಲ್ವಾನ ಏನು ಮಾಡಬೇಕಿತ್ತು ಬುದ್ಧಿ? ಮಗು ಕಣ್ಣೆದುರಿಗೇ ಕುಗ್ಗುತ್ತಿದ್ದರೆ ನೋಡಿಕೊಂಡು ಕೂರಬೇಕಿತ್ತೇ? ನನ್ನ ಮಕ್ಕಳು ದಿನವೂ ಓಡುತ್ತಿದ್ದಾರೆ. ಓಡಿ ಓಡಿ ಓಟವೇ ಅವರಿಗೆ ರುಚಿಸೀತು, ಅಲ್ಲವೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ನಾಲ್ಕು ಸುತ್ತು ಮುಗಿದ ಮೇಲೆ ಐದನೆಯದನ್ನು ಓಡಿದ ಒಂದು ಮಗುವಿನ ಹೆಸರು ಹೇಳು."